ಹಳೆಯ ಇಂಜಿನ್ನಿನ ಕಿಡಿ

ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಶಂಶಾಬಾದ್ ಎಂದರೆ ಇಂದಿನ ಮಕ್ಕಳಿಗೆ ೨೦೦೮ರಲ್ಲಿ ಆರಂಭವಾದ ವಿಮಾನ ನಿಲ್ದಾಣವೇ ನೆನಪಾಗುತ್ತದೆ. ನಮ್ಮಂಥವರಿಗಾದರೋ ಅದು ಊರಿನ ದಾರಿ. ಮಹಬೂಬನಗರ, ಕರ್ನೂಲು, ಅನಂತಪುರಗಳನ್ನು ದಾಟಿ ಕನ್ನಡ ನಾಡಿಗೆ ಸೇರುವ ರಸ್ತೆ ಶಂಶಾಬಾದನ್ನು ಹಾದೇ ಹೋಗುತ್ತದೆ. ಈ ರಸ್ತೆಯ ಬದಿಯ ಒಂದು ತಗಡಿನ ಅಂಗಡಿಯಲ್ಲಿ ಕಂಡ ಸಣ್ಣ ಸಂಗತಿಯೊಂದು ಈ ಲೇಖನಕ್ಕೆ ಕಾರಣ.

ನಮ್ಮ ತಂದೆಯವರು ಮೈಸೂರಿನಿಂದ ವರ್ಗವಾಗಿ ಬಂದಾಗ ತಮ್ಮ ಯೆಜ್ದಿ ಮೋಟರ್ ಸೈಕಲನ್ನು ರೈಲಿನಲ್ಲಿ ಹಾಕಿಸಿ ತಂದಿದ್ದರು. ಅವರು ತೀರಿಕೊಂಡ ಮೇಲೆ ಅದು ಬಹುಕಾಲ ಮನೆಯ ಮುಂದೆ ನಿಂತೇ ಇತ್ತು. ಕಿಕ್ ಹೊಡೆದರೆ ಹತ್ತುತ್ತಿತ್ತು. ಹತ್ತು ನಿಮಿಷ ಓಡಿ ನಿಂತುಬಿಡುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಹತ್ತುತ್ತಿತ್ತು. ನಗರದ ವರ್ಕ್‌ಶಾಪಿನವರೊಬ್ಬರು ಪರೀಕ್ಷಿಸಿ, "ಕಿಡಿ ಚೆನ್ನಾಗಿದೆ, ಇಂಜಿನ್ನೇ ಹೋಗಿದೆ, ಗುಜರಿಗೆ ಕೊಡಿ" ಎಂದರು. ಗುಜರಿಯವನು ಬಂದು ಬೆಲೆಯನ್ನೂ ಹೇಳಿ ಹೋದ. ತಾಯಿಯವರು ಮಾತ್ರ, "ಇನ್ನೊಬ್ಬರಿಗೆ ತೋರಿಸಬಾರದೇನಪ್ಪಾ?" ಎಂದು ಕೇಳಿದರು.

ಇಂಜಿನ್ನಿನೊಳಗೆ ಬೆಂಕಿ ಹೊತ್ತಿಸುವುದು ಹೇಗೆಂಬ ಪ್ರಶ್ನೆ ಇಂಜಿನ್ನಿನಷ್ಟೇ ಹಳೆಯದು. ೧೮೬೦ರಲ್ಲಿ ಪ್ಯಾರಿಸಿನ ಲೆನ್ವಾರ್ ಎಂಬಾತ ತನ್ನ ಗ್ಯಾಸ್ ಇಂಜಿನ್ನಿಗೆ ಬ್ಯಾಟರಿ ಮತ್ತು ಕಾಯಿಲಿನಿಂದ ವಿದ್ಯುತ್ ಕಿಡಿಯನ್ನು ಒದಗಿಸಿದ. ಜರ್ಮನಿಯ ಡೈಮ್ಲರ್ ತನ್ನ ಮೊದಲ ಇಂಜಿನ್ನುಗಳಲ್ಲಿ ಕಿಡಿಯ ಬದಲು, ಹೊರಗಿನಿಂದ ಉರಿ ಹಚ್ಚಿ ಕೆಂಪಗೆ ಕಾಯಿಸಿದ ಕೊಳವೆಯನ್ನು ಬಳಸಿದ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ೧೮೮೭ರಲ್ಲಿ ಒಂದೆಡೆ ನಿಂತು ಕೆಲಸ ಮಾಡುವ ಇಂಜಿನ್ನಿಗೂ, ೧೮೯೭ರಲ್ಲಿ ಮೂರು ಗಾಲಿಯ ವಾಹನಕ್ಕೂ ಮ್ಯಾಗ್ನೆಟೊ ಅಳವಡಿಸಿದ. ಅಯಸ್ಕಾಂತದ ಬಲದಿಂದಲೇ ವಿದ್ಯುತ್ ಹುಟ್ಟುವುದರಿಂದ ಇದಕ್ಕೆ ಬ್ಯಾಟರಿ ಬೇಕಿರಲಿಲ್ಲ. ೧೯೦೨ರಲ್ಲಿ ಅವನ ಕಾರ್ಖಾನೆಯ ಹೊನೊಲ್ಡ್ ಎಂಬ ಇಂಜಿನಿಯರು ಹೆಚ್ಚಿನ ಒತ್ತಡದ ಮ್ಯಾಗ್ನೆಟೊ ಮತ್ತು ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ. ಮುಂದಿನ ದಶಕದಲ್ಲಿ ಅಮೆರಿಕದ ಕೆಟರಿಂಗ್ ಬ್ಯಾಟರಿ, ಕಾಯಿಲು, ಪಾಯಿಂಟುಗಳ ವ್ಯವಸ್ಥೆಯನ್ನು ಸುಧಾರಿಸಿ ಮೋಟರು ಕಾರುಗಳಿಗೆ ತಂದ.

ಈ ಕಥೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ೧೯೫೧ರಲ್ಲಿ ಸ್ಥಾಪನೆಯಾದ ಮೋಟರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ 'ಮೈಕೋ', ಅದೇ ಬಾಷ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸತೊಡಗಿತು. ೨೦೦೮ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ, ಮೈಕೋ ಬಡಾವಣೆಯ ಹೆಸರು ಬೆಂಗಳೂರಿನಲ್ಲಿ ಹಾಗೆಯೇ ಉಳಿದಿದೆ. ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಜೆಕೊಸ್ಲೊವಾಕಿಯದ ಜಾವಾ ಮೋಟರ್ ಸೈಕಲು ಅಲ್ಲಿಯ ಪರವಾನಗಿಯ ಮೇಲೆ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ೧೯೭೩ರಿಂದ ಅದಕ್ಕೆ ಯೆಜ್ದಿ ಎಂಬ ಹೆಸರು ಬಂತು. ೧೯೯೬ರಲ್ಲಿ ಉತ್ಪಾದನೆ ನಿಂತುಹೋಯಿತು. ಇತ್ತ ಹೈದರಾಬಾದಿನಲ್ಲಿಯೂ ಲ್ಯಾಂಬ್ರೆಟಾ ಮಾದರಿಯ ಪುಷ್ಪಕ್ ಸ್ಕೂಟರು ತಯಾರಾಗುತ್ತಿದ್ದುದನ್ನು ಇಲ್ಲಿನ ಹಿರಿಯರು ಬಲ್ಲರು.

ಈ ಎಲ್ಲ ವಾಹನಗಳಲ್ಲಿ ಕಿಡಿ ಹುಟ್ಟುವ ಬಗೆ ಸರಳವಾದುದು. ಪಾಯಿಂಟುಗಳೆಂಬ ಎರಡು ಲೋಹದ ತುಟಿಗಳು ಕೂಡಿರುವಾಗ ಕಾಯಿಲಿನಲ್ಲಿ ವಿದ್ಯುತ್ ಹರಿಯುತ್ತದೆ. ಅವು ಥಟ್ಟನೆ ಬಿಟ್ಟುಕೊಂಡಾಗ ಪ್ರವಾಹ ಕಡಿದು, ಕಾಯಿಲಿನ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟುಗಳು ಸುಟ್ಟುಹೋಗದಂತೆ, ಪ್ರವಾಹ ಚುರುಕಾಗಿ ಕಡಿಯುವಂತೆ ನೋಡಿಕೊಳ್ಳುವುದು ಹೆಬ್ಬೆರಳಿನಷ್ಟಿರುವ ಕಂಡೆನ್ಸರಿನ ಕೆಲಸ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗಿದರೆ, ಸೆಕೆಂಡಿಗೆ ೫೦ ಬಾರಿ ಇಷ್ಟೂ ನಡೆಯಬೇಕು. ಪಾಯಿಂಟುಗಳು ಬಿಡುವ ಸಂದು ಸುಮಾರು ೦.೪ ಮಿಲಿಮೀಟರು ಮಾತ್ರ. ಅವುಗಳ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ, ಕಿಡಿ ತಡವಾಗುತ್ತದೆ.

ಇದರಲ್ಲಿ ಕೈಗೆ ಸಿಗದ, ಕಣ್ಣಿಗೆ ಕಾಣದ ಭಾಗ ಬಹಳ ಕಡಿಮೆ. ಆದ್ದರಿಂದಲೇ ಈ ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ. ಹೆದ್ದಾರಿಯುದ್ದಕ್ಕೂ, ಮರದ ನೆರಳಿನ ಅಂಗಡಿಗಳಲ್ಲಿ, ಗುರುವಿನಿಂದ ಕೆಲಸದ ಹುಡುಗನಿಗೆ ಹರಡಿತು. ಸೀಮೆಎಣ್ಣೆಯ ಪಂಪು, ಮದುವೆ ಮನೆಯ ಜನರೇಟರು ಕೆಟ್ಟರೂ ಇದೇ ಜನ, ಇದೇ ಕ್ರಮ.

ಶಂಶಾಬಾದಿನ ಅಂಗಡಿಯ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಕೆಲಸ ಕಲಿತದ್ದು ರಾಯಚೂರಿನಲ್ಲಂತೆ. ನಾನು ಕನ್ನಡದವನೆಂದು ತಿಳಿದೊಡನೆ ಅವರ ಮಾತೂ ಕನ್ನಡಕ್ಕೆ ತಿರುಗಿತು. ವರ್ಕ್‌ಶಾಪಿನವರು ಕಿಡಿ ಚೆನ್ನಾಗಿದೆ ಎಂದ ಸಂಗತಿ ತಿಳಿಸಿದೆ. "ತಣ್ಣಗಿದ್ದಾಗ ನೋಡ್ಯಾರ ಸಾಹೇಬ್ರ. ಕೆಟ್ಟಾಗ ನೋಡಬೇಕು" ಎಂದು, ಗಾಡಿ ತಾನಾಗಿಯೇ ನಿಲ್ಲುವವರೆಗೂ ಓಡಿಸಿದರು. ನಿಂತೊಡನೆ ಪ್ಲಗ್ ಬಿಚ್ಚಿ ಬಣ್ಣ ನೋಡಿದರು. ಕಂದು ಬಣ್ಣವಿದ್ದರೆ ಸರಿ. ಕರ್ರಗೆ ಎಣ್ಣೆ ಮೆತ್ತಿದ್ದರೆ ಎಣ್ಣೆ ಹೆಚ್ಚು ಅಥವಾ ಕಿಡಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲೋ ಗಾಳಿ ಸೋರಿ ಇಂಜಿನ್ನು ಅತಿಯಾಗಿ ಕಾಯುತ್ತಿದೆ ಎಂದರ್ಥ. ನಮ್ಮದು ಕರ್ರಗಿತ್ತು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆಸಿದರು. ನೀಲಿಯಾಗಿ ಚಟಪಟಿಸಬೇಕಾದ ಕಿಡಿ ಹಳದಿಯಾಗಿ, ಬತ್ತಿದಂತಿತ್ತು. ಹೊಸ ಪ್ಲಗ್ ಹಾಕಿದರೂ ಹಾಗೆಯೇ. ಆಮೇಲೆ ಪಾಯಿಂಟಿನ ಮುಚ್ಚಳ ತೆಗೆದು ಕೈಯಿಂದ ನೆರಳು ಮಾಡಿ ತೋರಿಸಿದರು. ಪ್ಲಗ್ಗಿನಲ್ಲಿ ಹಾರಬೇಕಾದ ಬೆಂಕಿ ಪಾಯಿಂಟುಗಳ ನಡುವೆ ಹಾರುತ್ತಿತ್ತು.

ಚಾಚಾ ಹಳೆಯ ಕಂಡೆನ್ಸರಿನ ತಂತಿ ಬಿಡಿಸಿ, ಬೇರೊಂದನ್ನು ಹೊರಗಿನಿಂದಲೇ ಜೋಡಿಸಿ ಮತ್ತೆ ಕಿಕ್ ಹೊಡೆಸಿದರು. ಗಾಡಿ ಅರ್ಧ ಗಂಟೆ ಓಡಿತು, ನಿಲ್ಲಲಿಲ್ಲ. ವಯಸ್ಸಾದ ಕಂಡೆನ್ಸರು ಬಿಸಿಯಾದಾಗ ಮಾತ್ರ ಸೋಲುತ್ತಿತ್ತು. ಕಾಯಿಲು ಹಳತಾದರೂ ಇದೇ ಲಕ್ಷಣ ಕಾಣುತ್ತದೆ. ಆದರೆ ಅಗ್ಗದ್ದನ್ನು ಮೊದಲು ಬದಲಿಸಿ ನೋಡಬೇಕು ಎಂಬುದು ಅವರ ಕ್ರಮ. ಪಾಯಿಂಟುಗಳನ್ನು ಉಜ್ಜಿ, ಸಂದು ಸರಿಪಡಿಸಿದ್ದೂ ಸೇರಿ ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ.

೧೯೮೫ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. ೧೦೦, ಯಮಾಹಾ ಆರ್.ಎಕ್ಸ್. ೧೦೦ ಗಾಡಿಗಳು ಪಾಯಿಂಟುಗಳನ್ನು ಕೈಬಿಟ್ಟು ಸಿ.ಡಿ.ಐ. ಪೆಟ್ಟಿಗೆಯನ್ನು ತಂದವು. ಸವೆಯುವ ತುಟಿಗಳಿಲ್ಲ, ಮೇಲಿಂದ ಮೇಲೆ ಸಂದು ನೋಡುವ ಕಾಟವಿಲ್ಲ, ಅನುಕೂಲವೇನೋ ದೊಡ್ಡದೇ. ಆದರೆ ಪೆಟ್ಟಿಗೆಯನ್ನು ಬಿಚ್ಚುವಂತಿಲ್ಲ. ಕೆಟ್ಟರೆ ಎಸೆದು ಹೊಸದನ್ನು ಹಾಕಬೇಕು. ಇಂದಿನ ಗಾಡಿಗಳ ರೋಗವನ್ನು ಕಂಪ್ಯೂಟರೇ ಓದಿ ಹೇಳುತ್ತದೆ. ಚಾಚಾರ ಬಳಿ ಈಗ ಕೆಲಸ ಕಲಿಯುವ ಹುಡುಗರಿಲ್ಲ. "ಪಾಯಿಂಟಿನ ಗಾಡಿ ತಿಂಗಳಿಗೆ ಒಂದೋ ಎರಡೋ ಬರ್ತಾವು. ಹುಡುಗ ಏನ್ ಉಣ್ಣಬೇಕು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ದಿ ಅಭಿಮಾನಿಗಳು ಬೆಂಗಳೂರು ಮೊದಲಾದ ಕಡೆ ಕೂಡಿ ತಮ್ಮ ಗಾಡಿಗಳನ್ನು ಮೆರೆಸುತ್ತಾರೆ. ಸಂತೋಷವೇ ಸರಿ. ಮೈಸೂರಿನ ಕಾರ್ಖಾನೆಯ ವರ್ಷಗಳು ಪುಸ್ತಕಗಳಲ್ಲಿ ಸಿಗುತ್ತವೆ. ಬಿಸಿಯಾದಾಗ ಸೋಲುವ ಕಂಡೆನ್ಸರನ್ನು ಹಿಡಿಯುವ ಬಗೆ ಚಾಚಾರಂಥವರ ಕೈಯಲ್ಲಿದೆ. ನಮ್ಮ ಸಂಘದ ಬಂಧುಗಳ ಮನೆಗಳಲ್ಲಿ ಇಂಥ ಗಾಡಿಗಳು ಇನ್ನೂ ಇದ್ದಾವು. ಗುಜರಿಯವನನ್ನು ಕರೆಯುವ ಮುನ್ನ ಇಂಥ ಒಬ್ಬರಿಗೆ ತೋರಿಸಿ. ಅವರು ಮಾಡಿದ್ದನ್ನು ಕ್ರಮವಾಗಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ನಾನು ಬರೆದಿಟ್ಟಿದ್ದೇನೆ. ಹಳೆಯ ಕಂಡೆನ್ಸರನ್ನು ತಾಯಿಯವರು ತಂದೆಯವರ ಮೇಜಿನ ಖಾನೆಯಲ್ಲಿ ಇಟ್ಟಿದ್ದಾರೆ.