ಕೆಲಸದ ನಡುವೆಯೂ ಓಗೊಡುವ ಗಣಕ

ಕಾರವಾರದಿಂದ ಅಂಕೋಲಾಕ್ಕೆ ರೈಲಿನಲ್ಲಿ ಹೋಗಿದ್ದೀರಾ? 1998ರ ಜನವರಿ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲ್ವೆಯ ಈ ಭಾಗದಲ್ಲಿ ಜೋಡಿ ಹಳಿಯಿಲ್ಲ. ಉದ್ದನೆಯ ಗೂಡ್ಸ್ ಗಾಡಿಯೂ ಅವಸರದ ಎಕ್ಸ್‌ಪ್ರೆಸ್ಸೂ ಓಡಬೇಕಾದದ್ದು ಒಂದೇ ದಾರಿಯಲ್ಲಿ. ಆದ್ದರಿಂದ ಗೂಡ್ಸನ್ನು ನಿಲ್ದಾಣದ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ಎಕ್ಸ್‌ಪ್ರೆಸ್ ದಾಟಿದ ಮೇಲೆ ಅದು ಮತ್ತೆ ಹೊರಡುತ್ತದೆ. ಸರಕಿಗೆ ಹತ್ತು ನಿಮಿಷ ತಡವಾದರೆ ನಷ್ಟವಿಲ್ಲ, ಪ್ರಯಾಣಿಕರಿಗೆ ಹಾಗಲ್ಲ.

ಗಣಕದ ಒಳಗೂ ಇದೇ ತೊಡಕು ಇತ್ತು. ದೀರ್ಘವಾದ ಲೆಕ್ಕವೊಂದು ನಡೆಯುತ್ತಿರುವಾಗ ಕೀಲಿ ಒತ್ತಿದ ಮನುಷ್ಯನಿಗೆ ಒಡನೆ ಓಗೊಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಹಲವು ದಶಕಗಳು ಕಳೆದವು.

ಮೊದಲ ಗಣಕಗಳಿಗೆ ಓಗೊಡುವ ಪ್ರಮೇಯವೇ ಇರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಬಂದರೆ ಉತ್ತರ ಮರುದಿನ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಬೇರೊಂದು ಬಗೆಯನ್ನು ತೋರಿಸಿದರು. ಗಣಕದ ಸಮಯವನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಸರದಿಯಂತೆ ಹಲವರಿಗೆ ಹಂಚುವುದು ಅದರ ತಿರುಳು. ಪ್ರತಿಯೊಬ್ಬನಿಗೂ ಗಣಕ ತನ್ನೊಬ್ಬನದೇ ಅನ್ನಿಸುವಂತಾಯಿತು. 1968ರಲ್ಲಿ ರಾಬರ್ಟ್ ಮಿಲ್ಲರ್ ಎಂಬ ಸಂಶೋಧಕ ಕಾಯುವ ಮನಸ್ಸಿಗೂ ಅಳತೆ ಹಾಕಿದ. ಒತ್ತಿದ ಕೀಲಿಗೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬರಬೇಕು; ಸಂಭಾಷಣೆಯಂತೆ ನಡೆಯುವ ಕೆಲಸದಲ್ಲಿ ಎರಡು ಸೆಕೆಂಡು ಮೀರಿದರೆ ಯೋಚನೆಯ ಎಳೆ ಕಡಿಯುತ್ತದೆ ಎಂದ.

ವಿಚಿತ್ರವೆಂದರೆ, ಗಣಕ ಮೇಜಿನ ಮೇಲೆ ಬಂದಾಗ ಈ ಪಾಠ ಅರ್ಧ ಮರೆತುಹೋಯಿತು. 1990ರ ವಿಂಡೋಸ್ 3.0, 1992ರ 3.1 ಇವುಗಳಲ್ಲಿ ಪ್ರತಿ ತಂತ್ರಾಂಶವೂ ತಾನಾಗಿಯೇ ಇತರರಿಗೆ ದಾರಿ ಬಿಡಬೇಕಿತ್ತು. ಅಂದರೆ, ಪಕ್ಕದ ಹಳಿಗೆ ಸರಿಯುವ ನಿರ್ಧಾರ ಗೂಡ್ಸ್ ಚಾಲಕನ ಸೌಜನ್ಯಕ್ಕೆ ಬಿಟ್ಟದ್ದು! ಒಬ್ಬ ಮೊಂಡನಿದ್ದರೂ ಸಾಕು, ಇಡೀ ದಾರಿ ಸ್ತಬ್ಧ. ಪರದೆಯ ಮೇಲೆ ಮರಳುಗಡಿಯಾರ. 1995ರ ವಿಂಡೋಸ್ 95 ಹೊಸ ಬಗೆಯ ತಂತ್ರಾಂಶಗಳ ಮಟ್ಟಿಗೆ ಈ ಅಧಿಕಾರವನ್ನು ಚಾಲಕನಿಂದ ಕಿತ್ತು ನಿಯಂತ್ರಕನಿಗೆ ಕೊಟ್ಟಿತು. ಬಿಡದಿದ್ದವನನ್ನು ಬಲವಂತವಾಗಿಯೇ ಸರಿಸುವ ಏರ್ಪಾಡು ಅದು.

ಅಲ್ಲಿಗೆ ಎಲ್ಲ ಸರಿಹೋಯಿತೇ? ಇಲ್ಲ. ಇಲ್ಲಿ ನಮ್ಮ ತಾಲೂಕು ಕಚೇರಿಗೆ ಬರೋಣ.

ಪಹಣಿಯ ಬೆಲೆ ಏನೆಂದು ಕಾರವಾರ, ಅಂಕೋಲಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಸೀಬರ್ಡ್ ನೌಕಾನೆಲೆಗೆ ಎರಡೂ ತಾಲೂಕುಗಳ ಜಮೀನು ಹೋಯಿತು, ರೈಲುದಾರಿಗೂ ಹೋಯಿತು. ಪರಿಹಾರ ಕೇಳುವವನ ಕೈಯಲ್ಲಿ ಮೊದಲು ಇರಬೇಕಾದದ್ದು ಜಮೀನಿನ ಕಾಗದ. ಆ ಕಾಗದಗಳೆಲ್ಲ ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ವಶದಲ್ಲಿದ್ದವು. ರಾಜ್ಯದ ‘ಭೂಮಿ’ ಯೋಜನೆ 2002ರ ಹೊತ್ತಿಗೆ 177 ತಾಲೂಕುಗಳನ್ನೂ ಮುಟ್ಟಿ, ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪಹಣಿ ಸಿಗುತ್ತಿತ್ತು. ಇನ್ನೊಂದು ಜಾಣತನವೂ ಅಲ್ಲಿತ್ತು: ಗುಮಾಸ್ತರ ಪರದೆಯ ಜೊತೆಗೆ ಜನರ ಕಡೆ ಮುಖ ಮಾಡಿದ ಎರಡನೆಯ ಪರದೆ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ರೈತ ತಾನೇ ನೋಡಬಹುದಿತ್ತು.

ಇಂಥ ಕಿಟಕಿಯಲ್ಲಿ ಕೆಟ್ಟದಾಗಿ ಬರೆದ ತಂತ್ರಾಂಶವೊಂದನ್ನು ಇಟ್ಟರೆ ಏನಾದೀತು, ಊಹಿಸಿಕೊಳ್ಳಿ. ಊರಿನ ಇಡೀ ಪಟ್ಟಿಯನ್ನು ಹುಡುಕಿ ಜೋಡಿಸುವ ಕೆಲಸ ನಡೆದಿದೆ. ಪರದೆ ಅಲುಗುತ್ತಿಲ್ಲ. ಗುಮಾಸ್ತರು ಮತ್ತೆ ಮತ್ತೆ ಕೀಲಿ ಒತ್ತುತ್ತಾರೆ. ದಿನದ ಕೂಲಿ ಬಿಟ್ಟು ಬಸ್ಸು ಹಿಡಿದು ಬಂದವನು ಎದುರಿನ ಪರದೆಯನ್ನು ನೋಡುತ್ತ ನಿಂತಿದ್ದಾನೆ. ಗಣಕ ಕೆಟ್ಟಿದೆಯೋ, ಕೆಲಸ ಮಾಡುತ್ತಿದೆಯೋ ಇಬ್ಬರಿಗೂ ತಿಳಿಯದು. ಸಿಟ್ಟಿನಲ್ಲಿ ಗಣಕವನ್ನು ಆರಿಸಿಬಿಟ್ಟರೆ ಆಗಿದ್ದ ಅರ್ಧ ಕೆಲಸವೂ ಹೋಯಿತು.

ಹೀಗೇಕೆ? ಹಿಂದೆ ಸವಾರಿ ಡಬ್ಬಿಗಳನ್ನೂ ಸರಕಿನ ಡಬ್ಬಿಗಳನ್ನೂ ಒಟ್ಟಿಗೆ ಜೋಡಿಸಿದ ಮಿಕ್ಸೆಡ್ ಗಾಡಿಗಳಿದ್ದವಲ್ಲ, ಇದೂ ಹಾಗೆಯೇ. ಕೀಲಿ, ಮೌಸ್‌ಗಳ ಸುದ್ದಿ ಬಂದು ನಿಲ್ಲುವ ಸಾಲು ಒಂದಿರುತ್ತದೆ. ಸಾಲಿನಿಂದ ಸುದ್ದಿ ಎತ್ತಿಕೊಳ್ಳುವ ಎಳೆಯೇ ಉದ್ದದ ಹುಡುಕಾಟಕ್ಕೂ ಹೋದರೆ ಸಾಲು ಬೆಳೆಯುತ್ತಲೇ ಇರುತ್ತದೆ. ನಿಯಂತ್ರಕ ಎಷ್ಟು ಜಾಣನಾದರೂ ಒಂದೇ ಗಾಡಿಯ ಡಬ್ಬಿಗಳನ್ನು ಬೇರ್ಪಡಿಸಲಾರ. ವಿಷುಯಲ್ ಬೇಸಿಕ್ ಬಳಸುತ್ತಿದ್ದವರು ‘ಡೂ ಇವೆಂಟ್ಸ್’ ಎಂಬ ಒಂದು ಸಾಲನ್ನು ಹುಡುಕಾಟದ ನಡುನಡುವೆ ಸೇರಿಸಿ, ಬಂದ ಸುದ್ದಿಗಳನ್ನು ವಿಲೇವಾರಿ ಮಾಡುತ್ತಿದ್ದರು. ಸುಲಭದ ಉಪಾಯ, ಆದರೆ ನನಗೆ ಅಪಾಯದ್ದೆಂದೇ ತೋರುತ್ತದೆ: ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿದರೆ ಮೊದಲನೆಯದು ಮುಗಿಯುವ ಮುನ್ನವೇ ಅದೇ ಕೆಲಸ ಇನ್ನೊಮ್ಮೆ ಶುರುವಾಗುತ್ತದೆ.

ನೇರ ಮಾರ್ಗವೆಂದರೆ ಡಬ್ಬಿಗಳನ್ನು ಕಳಚುವುದು. ಹುಡುಕಾಟಕ್ಕೆ ಬೇರೊಂದು ಎಳೆ, ಅಂದರೆ ಥ್ರೆಡ್. ಮೊದಲನೆಯದಕ್ಕೆ ಕಿವಿಗೊಡುವ ಕೆಲಸ ಮಾತ್ರ. ಹಿನ್ನೆಲೆಯ ಎಳೆ ಪರದೆಯನ್ನು ತಾನೇ ಮುಟ್ಟಕೂಡದು. ‘ಇಷ್ಟು ಮುಗಿಯಿತು’ ಎಂದು ಮುಖ್ಯ ಎಳೆಗೆ ಸುದ್ದಿ ಕಳಿಸಬೇಕು. ಆಗ ಕೆಲಸ ಎಷ್ಟಾಯಿತೆಂದು ತೋರುವ ಪಟ್ಟಿ ಪರದೆಯ ಮೇಲೆ ಮುಂದೆ ಸರಿಯುತ್ತದೆ, ‘ರದ್ದು’ ಗುಂಡಿಯೂ ಜೀವಂತವಾಗಿರುತ್ತದೆ. 2005ರಲ್ಲಿ ಡಾಟ್‌ನೆಟ್‌ಗೆ ಸೇರಿದ ‘ಬ್ಯಾಕ್‌ಗ್ರೌಂಡ್ ವರ್ಕರ್’ ಎಂಬ ಸಿದ್ಧ ಸಲಕರಣೆ ಮಾಡುತ್ತಿದ್ದುದು ಇದನ್ನೇ.

ಇಂದು ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಆಂಡ್ರಾಯ್ಡ್ ಫೋನಿನ ತಂತ್ರಾಂಶವೊಂದು ಬೆರಳಿನ ಸ್ಪರ್ಶಕ್ಕೆ ಐದು ಸೆಕೆಂಡು ಓಗೊಡದಿದ್ದರೆ, ‘ಇದು ಪ್ರತಿಕ್ರಿಯಿಸುತ್ತಿಲ್ಲ’ ಎಂದು ಫೋನೇ ತೀರ್ಮಾನಿಸಿ, ಕಾಯುತ್ತೀರೋ ಮುಚ್ಚುತ್ತೀರೋ ಎಂದು ನಿಮ್ಮನ್ನು ಕೇಳುತ್ತದೆ.