ಒಡೆದ ಅಣುವಿನ ಸಾಕ್ಷ್ಯ

ಗಡಿಗೆಯ ಚೂರುಗಳನ್ನು ಕೂಡಿಸಿ ಹಾಳೂರಿನ ಕಥೆ ಹೇಳುವವರನ್ನು ನಾವು ಬಲ್ಲೆವು. ಅಣುವಿನ ಚೂರುಗಳಿಂದ ಅದರ ಕಥೆ ತಿಳಿದವರ ಚರಿತ್ರೆಯೂ ನನಗೆ ಅಷ್ಟೇ ಸ್ವಾರಸ್ಯವಾಗಿ ಕಂಡಿದೆ.

ಧನವಿದ್ಯುತ್ತಿನ ಕಣಗಳನ್ನು ಬಾಗಿಸಿ, ತೂಕದಂತೆ ಬೇರ್ಪಡಿಸುವ ತಮ್ಮ ವಿಧಾನವು ರಾಸಾಯನಿಕ ವಿಶ್ಲೇಷಣೆಗೆ ಒದಗುವುದೆಂದು ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ನರು 1913ರಲ್ಲಿಯೇ ಬರೆದರು. ಆದರೆ ಸಾವಯವ ರಸಾಯನಜ್ಞರು ಅದನ್ನು ಮನಸಾರೆ ಕೈಗೆತ್ತಿಕೊಳ್ಳಲು ನಾಲ್ಕು ದಶಕಗಳೇ ಹಿಡಿದವು. ಎಲೆಕ್ಟ್ರಾನಿನ ಪೆಟ್ಟು ತಿಂದ ಅಣು ತನ್ನದೊಂದು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗುತ್ತದೆ. ಉಳಿದ ಶಕ್ತಿ ಅದನ್ನು ಒಡೆಯುತ್ತದೆ. ಆ ಚೂರುಗಳಿಂದ ಮೂಲ ರೂಪವನ್ನು ಊಹಿಸುವುದೆಂತು?

2-ಪೆಂಟನೋನನ್ನೇ ನೋಡಿ. ಅದರ ಅಣುತೂಕ 86. ಬಂಧವೊಂದು ಮುರಿದರೆ 43ರ ಚೂರು ಸಿಕ್ಕೀತು. ಆದರೆ 58ರದೂ ಸಿಗುತ್ತದೆ! ಅಣು ಉಂಗುರದಂತೆ ಬಾಗಿ, ಸರಪಳಿಯ ತುದಿಯ ಜಲಜನಕವೊಂದು ಆಮ್ಲಜನಕವನ್ನು ಸೇರುತ್ತದೆ. ಆಮೇಲೆ 28 ತೂಕದ ಎಥಿಲೀನ್ ಕಳಚಿಕೊಳ್ಳುತ್ತದೆ. ಇಂಥ ಮರುಜೋಡಣೆಗೆ ನಿಯಮವುಂಟೆಂದು 1950ರ ದಶಕದಲ್ಲಿ ವಿವರಿಸಿದವರು ಅಮೆರಿಕದ ಫ್ರೆಡ್ ಮ್ಯಾಕ್‌ಲಾಫರ್ಟಿ. ಅದಕ್ಕೆ ಅವರ ಹೆಸರೇ ನಿಂತಿತು.

ಅವರು 2021ರಲ್ಲಿ ತೀರಿಕೊಂಡರು. ಒಡೆಯುವುದರಲ್ಲಿಯೂ ಒಂದು ಕ್ರಮವಿದೆ. ಚೂರುಗಳನ್ನು ಕಸವೆಂದು ಗುಡಿಸಿದ್ದರೆ ಅದು ನಮಗೆ ತಿಳಿಯುತ್ತಿರಲಿಲ್ಲ.