ಭೇದಿ ಉಪ್ಪಿನಿಂದ ಸ್ಕ್ಯಾನಿಂಗ್ ಸೆಂಟರ್‌ವರೆಗೆ

ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದ್ರೆ ‘ಟಕ್’ ಅಂತ ಕಿಡಿ ಹಾರುತ್ತಲ್ಲ, ಅದರೊಳಗೆ ಬ್ಯಾಟರಿ ಇಲ್ಲ, ವೈರ್ ಎಳೆದು ಪ್ಲಗ್‌ಗೂ ಹಾಕಿಲ್ಲ. ಒಳಗಿರೋದು ಸ್ಪ್ರಿಂಗ್ ಹಿಂದಿನ ಪುಟ್ಟ ಸುತ್ತಿಗೆ ಮತ್ತು ಪಿಂಗಾಣಿಯಂಥ ಒಂದು ತುಣುಕು. ಸುತ್ತಿಗೆ ಬಡಿದಾಗ ಆ ತುಣುಕಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ. ಇದೇ ಜಾತಿಯ ತುಣುಕು ಗರ್ಭಿಣಿಯ ಹೊಟ್ಟೆ ಮೇಲೆ ಆಡಿಸುವ ಸ್ಕ್ಯಾನಿಂಗ್ ಪ್ರೋಬ್‌ನಲ್ಲೂ ಇದೆ. ಇದರ ಕತೆ ಶುರುವಾಗೋದು ಮಾತ್ರ ಒಂದು ಭೇದಿ ಔಷಧಿಯಿಂದ!

17ನೇ ಶತಮಾನದ ಫ್ರಾನ್ಸ್. ಲಾ ರೊಶೆಲ್ ಅನ್ನೋ ಬಂದರು ಊರಲ್ಲಿ ಸೆನ್ಯೆಟ್ ಅನ್ನೋ ಔಷಧಿ ವ್ಯಾಪಾರಿಗಳ ಮನೆತನ. ವೈನ್ ಪೀಪಾಯಿಯ ಒಳಗೋಡೆಗೆ ಕಟ್ಟುವ ಗಸಿಯಿಂದ ಅವರು ಒಂದು ಉಪ್ಪು ತಯಾರಿಸಿದರು. ಹೊಟ್ಟೆ ಕಟ್ಟಿದವರಿಗೆ ಅದು ಒಳ್ಳೇ ಮದ್ದು. ಇದೇ ‘ರೊಶೆಲ್ ಸಾಲ್ಟ್’. ಇನ್ನೂರು ವರ್ಷ ಅದರ ಕೆಲಸ ಹೊಟ್ಟೆ ಸಾಫ್ ಮಾಡೋದಷ್ಟೇ ಆಗಿತ್ತು.

1880ರಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಮತ್ತು ಪಿಯೇರ್ ಕ್ಯೂರಿ ಅನ್ನೋ ಅಣ್ಣತಮ್ಮಂದಿರು ಹರಳುಗಳನ್ನ ಒತ್ತಿ ನೋಡ್ತಾ ಇದ್ದರು. ತಮ್ಮ ಪಿಯೇರ್‌ಗೆ ಆಗ 21 ವರ್ಷ. ಕ್ವಾರ್ಟ್ಜ್, ಟೂರ್ಮಲಿನ್, ಸಕ್ಕರೆ ಹರಳು, ಜೊತೆಗೆ ಈ ರೊಶೆಲ್ ಉಪ್ಪು, ಎಲ್ಲದರಲ್ಲೂ ಒತ್ತಿದಾಗ ವಿದ್ಯುತ್ ಕಾಣಿಸಿಕೊಂಡಿತು. ಅದೇ ಪೀಜೊಎಲೆಕ್ಟ್ರಿಸಿಟಿ. ಗ್ರೀಕ್‌ನಲ್ಲಿ ‘ಪೀಜೊ’ ಅಂದ್ರೆ ಒತ್ತು. ಮರುವರ್ಷ ಲಿಪ್‌ಮನ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ, ‘ಹಾಗಾದ್ರೆ ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗಬೇಕಲ್ಲ’ ಅಂದ. ಕ್ಯೂರಿ ಸಹೋದರರು ಪರೀಕ್ಷಿಸಿದರು, ಹೌದು! ಅಂದ್ರೆ ಇಂಥ ಹರಳಿಗೆ ಕೇಳೋದೂ ಗೊತ್ತು, ಮಾತಾಡೋದೂ ಗೊತ್ತು. ಮುಂದೆ ಪಿಯೇರ್‌ನ ಹೆಂಡತಿ ಮೇರಿ ಕ್ಯೂರಿ ವಿಕಿರಣ ಅಳೆದಿದ್ದೂ ಈ ಅಣ್ಣತಮ್ಮಂದಿರು ಮಾಡಿಟ್ಟ ಕ್ವಾರ್ಟ್ಜ್ ಉಪಕರಣದಿಂದಲೇ.

ದೊಡ್ಡ ಉಪಯೋಗ ಹೊಳೆದಿದ್ದು ಯುದ್ಧದಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನ ಮುಳುಗಿಸ್ತಾ ಇದ್ದವು. ನೀರಿನೊಳಗಿರೋ ಶತ್ರುವನ್ನ ಹುಡುಕೋದು ಹೇಗೆ? ಪಿಯೇರ್ ಕ್ಯೂರಿಯ ಶಿಷ್ಯನೇ ಆಗಿದ್ದ ಪಾಲ್ ಲಾಂಜವೆನ್, 1917ರಲ್ಲಿ ಕ್ವಾರ್ಟ್ಜ್ ಚೂರುಗಳನ್ನ ಎರಡು ಉಕ್ಕಿನ ಫಲಕಗಳ ನಡುವೆ ಅಂಟಿಸಿ ಸಮುದ್ರಕ್ಕೆ ಇಳಿಸಿದ. ಅದು ನಮ್ಮ ಕಿವಿಗೆ ಕೇಳದಷ್ಟು ಕೀರಲು ದನಿಯಲ್ಲಿ ಕೂಗುತ್ತೆ, ಎದುರಿನ ಲೋಹಕ್ಕೆ ಬಡಿದು ವಾಪಸ್ ಬಂದ ಪ್ರತಿಧ್ವನಿಯನ್ನ ತಾನೇ ಕೇಳಿಸಿಕೊಳ್ಳುತ್ತೆ. ಸೋನಾರ್ ಹುಟ್ಟಿದ್ದು ಹೀಗೆ.

ಈಗ ಮತ್ತೆ ನಮ್ಮ ಭೇದಿ ಉಪ್ಪಿಗೆ ಬರೋಣ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾಲಸೆಕ್ ಅನ್ನೋ ವಿದ್ಯಾರ್ಥಿ 1920ರಲ್ಲಿ ಒಂದು ವಿಚಿತ್ರ ಗಮನಿಸಿದ. ರೊಶೆಲ್ ಉಪ್ಪಿಗೆ ವಿದ್ಯುತ್ ಕೊಟ್ಟು ತೆಗೆದರೆ ಅದು ಪೂರ್ತಿ ಮೊದಲಿನ ಸ್ಥಿತಿಗೆ ಬರಲ್ಲ. ಎಳೆದ ದಿಕ್ಕಿನ ನೆನಪು ಸ್ವಲ್ಪ ಉಳಿಸಿಕೊಳ್ಳುತ್ತೆ. ಉಜ್ಜಿದ ಮೇಲೆ ಕಬ್ಬಿಣದ ಸೂಜಿಯಲ್ಲಿ ಕಾಂತತ್ವ ಉಳಿಯುತ್ತಲ್ಲ, ಥೇಟ್ ಹಾಗೇ. ಈ ಹೋಲಿಕೆಯಿಂದಲೇ ಇಂಥ ವಸ್ತುಗಳಿಗೆ ‘ಫೆರೋಎಲೆಕ್ಟ್ರಿಕ್’ ಅನ್ನೋ ಹೆಸರು ಬಿತ್ತು. ಹೆಸರಲ್ಲಿ ‘ಫೆರೋ’ ಇದೆ, ಒಳಗೆ ಕಬ್ಬಿಣ ಇರಲೇಬೇಕು ಅಂತಿಲ್ಲ! ರಷ್ಯನ್ನರು ಮಾತ್ರ ಇವತ್ತಿಗೂ ಆ ಔಷಧಿ ವ್ಯಾಪಾರಿಗಳ ಹೆಸರಿಟ್ಟುಕೊಂಡು ‘ಸೆಗ್ನೆಟೊಎಲೆಕ್ಟ್ರಿಕ್’ ಅಂತಾರೆ.

1930ರ ದಶಕದಲ್ಲಿ ಗ್ರಾಮಫೋನ್, ಮೈಕ್‌ಗಳಲ್ಲಿ ಈ ಉಪ್ಪಿನ ಹರಳು ಬಂತು. ಆದ್ರೆ ಅದರದ್ದು ಮಳೆಗಾಲದ ಬೆಲ್ಲದ ಬಾಳು. ತೇವ ಹತ್ತಿದ್ರೆ ಕರಗುತ್ತೆ, 55 ಡಿಗ್ರಿ ಬಿಸಿಯಾದ್ರೆ ಕೆಟ್ಟೇ ಹೋಗುತ್ತೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಕೆಪಾಸಿಟರ್‌ಗೆ ಒಳ್ಳೇ ವಸ್ತು ಹುಡುಕ್ತಾ ಅಮೆರಿಕ, ಜಪಾನ್, ರಷ್ಯಾದವರು ಬೇರೆಬೇರೆಯಾಗಿ ಬೇರಿಯಂ ಟೈಟನೇಟ್‌ಗೆ ಬಂದು ಮುಟ್ಟಿದರು. ಇದನ್ನ ಹರಳಾಗಿ ಬೆಳೆಸೋದೇ ಬೇಡ. ಪುಡಿ ಕಲಸಿ, ಅಚ್ಚಿಗೆ ಒತ್ತಿ, ಗಡಿಗೆ ಸುಟ್ಟ ಹಾಗೆ ಸುಟ್ಟರೆ ಆಯ್ತು. ಆದ್ರೆ ಒಂದು ತೊಡಕಿತ್ತು. ಸುಟ್ಟ ಬಿಲ್ಲೆಯಲ್ಲಿ ಲಕ್ಷಾಂತರ ಕಣಗಳು, ಒಂದೊಂದು ಒಂದೊಂದು ದಿಕ್ಕಿಗೆ. ಒತ್ತಿದ್ರೆ ಒಂದರ ವಿದ್ಯುತ್ತನ್ನ ಇನ್ನೊಂದು ಹೊಡೆದುಹಾಕುತ್ತೆ. ಜಾತ್ರೆಯ ಜನ ನೋಡಿ, ಬತ್ತಾಸಿನ ಅಂಗಡಿಗೆ ಒಬ್ಬ, ತೊಟ್ಟಿಲ ಕಡೆಗೆ ಒಬ್ಬ. ತೇರಿನ ಹಗ್ಗ ಕೈಗೆ ಬಂದ ಮೇಲೆ ಎಲ್ಲರ ಮುಖ ಒಂದೇ ಕಡೆ. ಇಲ್ಲೂ ಹಾಗೇ ಮಾಡಿದರು. ಬಿಲ್ಲೆಯನ್ನ ಬಿಸಿ ಮಾಡಿ, ಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟು, ಹಾಗೇ ತಣ್ಣಗಾಗಲು ಬಿಟ್ಟರು. ಕಣಗಳ ಒಳಗಿನ ಧ್ರುವಗಳು ಆದಷ್ಟೂ ಒಂದೇ ದಿಕ್ಕಿಗೆ ತಿರುಗಿದವು, ಕ್ಷೇತ್ರ ತೆಗೆದ ಮೇಲೂ ಬಹುಪಾಲು ಹಾಗೇ ನಿಂತವು. ವಾಲಸೆಕ್ ಕಂಡಿದ್ದ ನೆನಪು ಇಲ್ಲಿ ಕೆಲಸಕ್ಕೆ ಬಂತು ನೋಡಿ. ಕ್ವಾರ್ಟ್ಜ್‌ಗೆ ಈ ಗುಣ ಇಲ್ಲ. ಕುಂಬಾರನ ಕೆಲಸದಷ್ಟು ಸಲೀಸಾಗಿ, ಬೇಕಾದ ಆಕಾರದಲ್ಲಿ ಪೀಜೊ ಮಾಡಲು ಸಾಧ್ಯ ಆಗಿದ್ದು ಇದರಿಂದಲೇ.

1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಬರ್ನಾರ್ಡ್ ಜಾಫೆ ತಂಡ, ಸೀಸದ ಜಿರ್ಕೊನೇಟ್ ಮತ್ತು ಟೈಟನೇಟ್‌ಗಳನ್ನ ಹೆಚ್ಚುಕಮ್ಮಿ ಅರ್ಧಕ್ಕರ್ಧ ಬೆರೆಸಿದ್ರೆ ಪರಿಣಾಮ ಇನ್ನೂ ಜೋರು ಅಂತ ತೋರಿಸಿತು. ಇದೇ ಪಿಜೆಡ್‌ಟಿ. ನಮ್ಮ ಲೈಟರ್, ಕೆಲವು ಇಂಕ್‌ಜೆಟ್ ಪ್ರಿಂಟರ್, ಡೀಸೆಲ್ ಇಂಜೆಕ್ಟರ್, ಸ್ಕ್ಯಾನಿಂಗ್ ಪ್ರೋಬ್, ಎಲ್ಲದರಲ್ಲೂ ಇದರ ಬಳಗವೇ.

ಜಲಾಂತರ್ಗಾಮಿ ಹುಡುಕಿದ ಉಪಾಯ ಆಸ್ಪತ್ರೆಗೂ ಬಂತು. ಗ್ಲಾಸ್ಗೋದ ಡಾಕ್ಟರ್ ಇಯಾನ್ ಡೊನಾಲ್ಡ್, ಲೋಹದಲ್ಲಿ ಬಿರುಕು ಹುಡುಕುವ ಕಾರ್ಖಾನೆಯ ಯಂತ್ರವನ್ನ 1955ರಲ್ಲಿ ಗಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದ. ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಸೇರಿ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಟ್ಟೆಯೊಳಗಿನ ಚಿತ್ರಗಳನ್ನ ಪ್ರಕಟಿಸಿದ. ಆಮೇಲೆ ಎಷ್ಟು ತಾಯಂದಿರ, ಎಷ್ಟು ಮಕ್ಕಳ ಜೀವ ಇದರಿಂದ ಉಳಿದಿದೆಯೋ ಲೆಕ್ಕ ಇಲ್ಲ.

ನಮ್ಮ ದೇಶದಲ್ಲಿ ಇದೇ ಪ್ರೋಬ್‌ಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: ಗಂಡೋ ಹೆಣ್ಣೋ? ಅದನ್ನ ತಡೆಯಲು 1994ರಲ್ಲಿ ಕಾನೂನೇ ಬೇಕಾಯ್ತು. 1991ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ಕ್ಕೆ 927. ಕಾನೂನು ಬಂದ ಮೇಲೂ ಇಳಿತ ನಿಲ್ಲಲಿಲ್ಲ, 2011ಕ್ಕೆ ಇನ್ನೂ ಕೆಳಗೆ. ಹಳ್ಳಿಯವರ ಅಜ್ಞಾನ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. ಸ್ಕ್ಯಾನಿಂಗ್ ಮೆಷಿನ್ ಮೊದಲು ಬಂದಿದ್ದು ಪೇಟೆಗೆ, ಅದಕ್ಕೆ ದುಡ್ಡು ಕೊಡುವ ಶಕ್ತಿ ಇದ್ದಿದ್ದು ಓದಿದವರಿಗೆ.

ಪಿಂಗಾಣಿ ತುಣುಕು ತನಗೆ ಬಂದ ಪ್ರತಿಧ್ವನಿಯನ್ನ ಇದ್ದ ಹಾಗೆ ಹೇಳುತ್ತೆ. ಅಲ್ಲಿಗೆ ಅದರ ಕೆಲಸ ಮುಗೀತು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನೋ ಬೋರ್ಡನ್ನ ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಗೆ ತೂಗುಹಾಕಬೇಕಾಗಿ ಬಂದಿದ್ದು ನಮ್ಮಿಂದ.